ಊರು ಓದುವ ದಿನ

ಮಹಾಸಭೆಯ ಮೊದಲ ದಿನವೇ ನನಗೆ ರೇಗಿಹೋಗಿತ್ತು. ಗಂಡಸರಿಗೆ ಆ ಕಟ್ಟಡ, ಹೆಂಗಸರಿಗೆ ಈ ಕಟ್ಟಡ ಎಂದು ಗೇಟಿನಲ್ಲೇ ನಮ್ಮನ್ನು ಎರಡು ಭಾಗ ಮಾಡಿದರು. ನನ್ನ ಟವಲು ನಮ್ಮವರ ಚೀಲದಲ್ಲಿ, ಅವರ ಕ್ಷೌರದ ಸಾಮಾನು ನನ್ನ ಚೀಲದಲ್ಲಿ. ಅಷ್ಟು ದೂರ ರೈಲಿನಲ್ಲಿ ಕೂತು ಸೊಂಟ ಹಿಡಿದುಕೊಂಡು ಬಂದವಳು ಗೇಟಿನ ಹತ್ತಿರ ನೆಲದ ಮೇಲೆ ಚೀಲ ಬಿಚ್ಚಿ, ಎಲ್ಲರೆದುರು ಸಾಮಾನು ಬೇರೆ ಮಾಡಬೇಕಾಯಿತು. ಹಿಂದೆ ಸಾಲಿನಲ್ಲಿದ್ದ ಸಭಾಪಾಲಕರೊಬ್ಬರು ನಿಧಾನವಾಗಿ ಮಾಡಿ ಅಮ್ಮನವರೇ, ನಮಗೇನೂ ಅವಸರವಿಲ್ಲ ಎಂದು ಕೈಗಡಿಯಾರ ನೋಡಿಕೊಂಡರು. ನಾನು ಇನ್ನಷ್ಟು ನಿಧಾನ ಮಾಡಿದೆ.

ನಮ್ಮವರೂ ಸಭಾಪಾಲಕರೇ, ಚರ್ಚು ನಡೆಸುವ ಪಾದ್ರಿ. ನಮ್ಮಲ್ಲಿ ಒಂದು ಪದ್ಧತಿ. ಕೆಲವು ವರ್ಷಗಳಿಗೊಮ್ಮೆ ಎಲ್ಲ ಊರುಗಳ ಸಭಾಪಾಲಕರು, ಅವರ ಹೆಂಡತಿಯರು, ಸಭೆಯ ಪ್ರತಿನಿಧಿಗಳು ಒಂದು ಕಡೆ ಸೇರುತ್ತಾರೆ. ಎರಡು ವಾರ ವರದಿ, ಚರ್ಚೆ, ಪ್ರಾರ್ಥನೆ, ಊಟ. ಕೊನೆಯ ದಿನ ಬಿಷಪ್ಪರು ಎದ್ದು ನಿಂತು, ಇನ್ನು ಮುಂದೆ ಯಾವ ಊರಿನ ಸಭೆಗೆ ಯಾರು ಎಂದು ಓದುತ್ತಾರೆ. ಅದಕ್ಕೆ ನಾವು ಊರು ಓದುವುದು ಎನ್ನುತ್ತೇವೆ. ಓದಿಬಿಟ್ಟರೆ ಮುಗಿಯಿತು, ಅತ್ತರೂ ಇಲ್ಲ, ಗೋಗರೆದರೂ ಇಲ್ಲ. ಸಾಮಾನು ಕಟ್ಟಿಕೊಂಡು ಹೊರಡುವುದೇ.

ನಾವಿದ್ದ ಊರಿನಲ್ಲಿ ನಮ್ಮ ಅವಧಿ ಮುಗಿದಿತ್ತು. ಆದರೆ ಆ ಊರು ಬಿಡುವುದು ನನ್ನಿಂದ ಆಗುವ ಮಾತಾಗಿರಲಿಲ್ಲ. ಹೋದ ವರ್ಷ ನಮ್ಮ ಒಬ್ಬಳೇ ಮಗಳು, ನಮ್ಮ ಗುಬ್ಬಿ, ಜ್ವರದಲ್ಲಿ ತೀರಿಕೊಂಡಳು. ಚರ್ಚಿನ ಹಿಂದೆ ನಮ್ಮ ಮನೆ, ಮನೆಯ ಹಿತ್ತಲ ಗೋಡೆಯಾಚೆ ಸಮಾಧಿಗಳ ಜಾಗ. ಗೋಡೆಗೆ ಹತ್ತಿರದ ಸಾಲಿನಲ್ಲೇ ಅವಳನ್ನು ಮಲಗಿಸಿದ್ದೇವೆ. ಅಡುಗೆಮನೆಯ ಕಿಟಕಿಯಲ್ಲಿ ನಿಂತರೆ ಕಾಣುತ್ತದೆ. ದಿನಾ ಸಂಜೆ ನಾನು ಅಲ್ಲಿಗೆ ಹೋಗುತ್ತಿದ್ದೆ. ನಮ್ಮವರು ಹೋಗುತ್ತಿರಲಿಲ್ಲ. ಮಣ್ಣು ಮಾಡಿದ ದಿನ ಪ್ರಾರ್ಥನೆಯನ್ನು ತಾವೇ ಓದಿದವರು, ಆಮೇಲೆ ಹಿತ್ತಲ ಬಾಗಿಲು ಬಳಸುವುದನ್ನೇ ಬಿಟ್ಟರು. ಬೀದಿ ಸುತ್ತಿಕೊಂಡು ಮುಂದಿನ ಬಾಗಿಲಿನಿಂದ ಬರುತ್ತಿದ್ದರು. ಅದಕ್ಕೆ ನನಗೆ ಅವರ ಮೇಲೆ ಎಷ್ಟು ಸಿಟ್ಟಿತ್ತೆಂದರೆ, ಬಡಿಸುವಾಗ ಪಾತ್ರೆಗಳೇ ಮಾತಾಡುತ್ತಿದ್ದವು, ನಾನು ಮಾತಾಡುತ್ತಿರಲಿಲ್ಲ.

ಹೊರಡುವ ಮೊದಲು ಅವರಿಗೆ ಒಂದೇ ಮಾತು ಹೇಳಿದ್ದೆ. ಇನ್ನೊಂದು ಅವಧಿ ಅಲ್ಲೇ ಬಿಡಿ ಎಂದು ಬಿಷಪ್ಪರನ್ನು ಕೇಳಿ, ಕಾಲು ಹಿಡಿಯಬೇಕಾದರೆ ಕಾಲು ಹಿಡಿಯಿರಿ, ನಾಚಿಕೆಯಾದರೆ ನಾನೇ ಬಂದು ಹಿಡಿಯುತ್ತೇನೆ ಎಂದಿದ್ದೆ. ಅವರು ಹೋಗಿ ಕೇಳಿದರು. ಬಿಷಪ್ಪರು ಒಪ್ಪಿದ್ದಾರೆ, ನೀನು ನಿಶ್ಚಿಂತೆಯಾಗಿರು ಎಂದರು. ಸುಳ್ಳು ಹೇಳುವ ಮನುಷ್ಯರಲ್ಲ ಅವರು. ಆ ಮಾತನ್ನು ನಂಬಿಯೇ ನಾನು ರೈಲು ಹತ್ತಿದ್ದೆ.

ಹೆಂಗಸರಿಗೆ ಕೊಟ್ಟದ್ದು ರಜೆಯಲ್ಲಿದ್ದ ದೊಡ್ಡ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳ ತರಗತಿಗಳನ್ನು. ಮೇಜು ಕುರ್ಚಿಗಳನ್ನೆಲ್ಲ ಗೋಡೆಗೆ ಒತ್ತಿ ಪೇರಿಸಿ, ನಡುವೆ ಕಬ್ಬಿಣದ ಮಂಚಗಳನ್ನು ಹಾಕಿದ್ದರು. ಕರಿಹಲಗೆಯ ಮೇಲೆ ಟೀಚರು ಅಳಿಸಲು ಮರೆತ ಕೂಡುವ ಲೆಕ್ಕ ಹಾಗೇ ಇತ್ತು. ಕಿಟಕಿಯ ಕಟ್ಟೆಯ ಮೇಲೆ ಬಣ್ಣದ ಪೆನ್ಸಿಲಿನ ತುಂಡುಗಳು. ಕುರ್ಚಿಗಳು ನನ್ನ ಮೊಣಕಾಲಿನವರೆಗೂ ಬರುತ್ತಿರಲಿಲ್ಲ. ಇಷ್ಟು ದೊಡ್ಡ ಶಾಲೆಯಲ್ಲಿ ಇವರಿಗೆ ಬೇರೆ ಕೋಣೆ ಸಿಗಲಿಲ್ಲವೇ ಎಂದು ಹೊಟ್ಟೆ ಉರಿಯಿತು. ಯಾರ ಮೇಲೆ ಕೂಗಾಡುವುದು? ಗೋಡೆಗೆ ಮುಖ ಮಾಡಿ ಮಲಗಿದೆ.

ಮಲಗಲು ಬಿಡಲಿಲ್ಲ. ಪಕ್ಕದ ಮಂಚದಿಂದ ಒಂದು ಗಟ್ಟಿ ಧ್ವನಿ, ಈಗ ಮಲಗಿದರೆ ಬಕೆಟ್ಟು ಸಿಗುವುದಿಲ್ಲ, ಮೊದಲು ಬಕೆಟ್ಟು ಹಿಡಿದಿಟ್ಟುಕೊಂಡು ಆಮೇಲೆ ಎಷ್ಟು ಬೇಕಾದರೂ ಮಲಗು ಎಂದಿತು. ತಿರುಗಿ ನೋಡಿದರೆ ದಪ್ಪನೆಯ, ವಯಸ್ಸಾದ ಹೆಂಗಸು. ಸ್ವಂತ ದಿಂಬು, ಸ್ವಂತ ಬಲ್ಬು, ಬಟ್ಟೆ ಒಣಹಾಕಲು ಸ್ವಂತ ಹಗ್ಗ, ಹಗ್ಗಕ್ಕೆ ಸ್ವಂತ ಮೊಳೆ. ಮೊಳೆ ಹೊಡೆಯಲು ಕಲ್ಲನ್ನೂ ಊರಿಂದಲೇ ತಂದಿದ್ದರೋ ಏನೋ, ನಾನು ಕೇಳಲಿಲ್ಲ. ಸಭಾಪಾಲಕರನ್ನು ಮದುವೆಯಾದ ಲಾಗಾಯ್ತಿನಿಂದ ಊರೂರು ಸುತ್ತಿ, ಎಷ್ಟು ಮನೆ ಬದಲಾಯಿಸಿದ್ದೇವೆ ಎಂಬುದು ಅವರಿಗೇ ಮರೆತುಹೋಗಿತ್ತು. ಅದಕ್ಕೇ ಎಲ್ಲರೂ ಅವರನ್ನು ಗಂಟುಮೂಟೆ ಅಕ್ಕ ಎನ್ನುತ್ತಿದ್ದರು. ಮಕ್ಕಳೆಲ್ಲ ದೊಡ್ಡವರಾಗಿ ತಮ್ಮ ತಮ್ಮ ದಾರಿ ಹಿಡಿದಿದ್ದರು. ಅವರ ಯಜಮಾನರಿಗೆ ಈ ಸಲ ಸಿಗುವುದೇ ಕೊನೆಯ ಊರು, ಆಮೇಲೆ ನಿವೃತ್ತಿ. ನಾನು ಅಮ್ಮನವರೇ ಎಂದು ಶುರುಮಾಡಿದರೆ, ಅಮ್ಮನವರು ಗಿಮ್ಮನವರು ಎಲ್ಲ ಬೇಡ, ಅಕ್ಕ ಅನ್ನು ಸಾಕು ಎಂದರು.

ಮಹಾಸಭೆಯಲ್ಲಿ ಬದುಕುವ ವಿದ್ಯೆಯನ್ನು ನನಗೆ ಕಲಿಸಿದವರು ಅವರೇ. ಬೆಳಿಗ್ಗೆ ಗಂಟೆ ಹೊಡೆಯುವ ಮೊದಲೇ ಎದ್ದರೆ ಮೂಲೆಯ ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ಗಂಟೆ ಹೊಡೆದ ಮೇಲೆ ಬರೀ ಸದ್ದು ಬರುತ್ತದೆ. ತಿಂಡಿಗೆ ಎಡಗಡೆಯ ಸಾಲಿನಲ್ಲಿ ನಿಲ್ಲಬೇಕು, ಬಲಗಡೆಯ ಸಾಲಿನಲ್ಲಿ ಬಡಿಸುವವನ ಕೈ ಬಿಗಿ. ಸಭಾಂಗಣದಲ್ಲಿ ಫ್ಯಾನಿನ ನೇರ ಕೆಳಗೆ ಕೂತರೆ ಕಾಗದ ಹಾರುತ್ತದೆ, ಎರಡು ಸಾಲು ಹಿಂದೆ ಕೂತರೆ ಗಾಳಿಯೂ ಸಿಗುತ್ತದೆ, ತೂಕಡಿಸಿದರೂ ವೇದಿಕೆಗೆ ಕಾಣುವುದಿಲ್ಲ. ತಿದ್ದುಪಡಿ ಅಯ್ಯನವರು ಎದ್ದು ನಿಂತರೆ ಹೊರಗೆ ಹೋಗಿ ಬಟ್ಟೆ ಒಗೆದು ಬರಬಹುದು. ಇದು ಅವರು ಯಾರೋ ಸಣಕಲು ಸಭಾಪಾಲಕರಿಗೆ ಇಟ್ಟ ಹೆಸರು. ಯಾವ ನಿರ್ಣಯ ಬಂದರೂ ಆ ಪುಣ್ಯಾತ್ಮರು ಎದ್ದು, ಅಧ್ಯಕ್ಷರೇ, ಒಂದು ಸಣ್ಣ ತಿದ್ದುಪಡಿ ಎನ್ನುತ್ತಿದ್ದರು. ಅವರ ಸಣ್ಣ ತಿದ್ದುಪಡಿಯ ಹೊತ್ತಿನಲ್ಲಿ ನಾನು ನಿಜವಾಗಿಯೂ ಎರಡು ಸೀರೆ ಒಗೆದು ಒಣಹಾಕಿ ಬಂದೆ. ಬಂದಾಗ ಅವರಿನ್ನೂ ನಿಂತೇ ಇದ್ದರು.

ಮೊದಲ ಕೆಲವು ದಿನ ಕಷ್ಟವಾಯಿತು. ಸಂಜೆಯಾದರೆ ಕೈಕಾಲು ತಾವಾಗಿ ಎಲ್ಲಿಗೋ ಹೊರಡುತ್ತಿದ್ದವು. ಮನೆಯಲ್ಲಿ ಆ ಹೊತ್ತಿಗೆ ನೀರು ಹಿಡಿದುಕೊಂಡು ಹಿತ್ತಲ ಬಾಗಿಲು ತೆಗೆಯುವವಳು ನಾನು. ಇಲ್ಲಿ ಶಾಲೆಯ ಅಂಗಳದಲ್ಲಿ ಸುಮ್ಮನೆ ಸುತ್ತುತ್ತಿದ್ದೆ. ಆಮೇಲೆ ನನಗೇ ನಾನು ಹೇಳಿಕೊಂಡೆ, ಇನ್ನು ಸ್ವಲ್ಪ ದಿನ ತಾನೇ, ಹೋದ ಮೇಲೆ ವರ್ಷಗಟ್ಟಲೆ ಅಲ್ಲೇ ಇರುತ್ತೇವಲ್ಲ, ಬಿಷಪ್ಪರೇ ಒಪ್ಪಿದ್ದಾರಲ್ಲ. ಹಾಗೆ ಅಂದುಕೊಂಡರೆ ಎದೆಯ ಭಾರ ಇಳಿಯುತ್ತಿತ್ತು. ಬೆಳಿಗ್ಗೆ ನಲ್ಲಿ, ಪ್ರಾರ್ಥನೆ, ತಿಂಡಿ, ಫ್ಯಾನಿನಿಂದ ಎರಡು ಸಾಲು ಹಿಂದೆ, ಊಟ, ಚಿಕ್ಕ ನಿದ್ದೆ, ಮತ್ತೆ ಸಭೆ, ಸಂಜೆಯ ಚಹಾ. ದಿನಗಳು ಒಂದರ ಹಿಂದೆ ಒಂದು ತಾವೇ ಉರುಳತೊಡಗಿದವು. ವರ್ಷದಿಂದ ಗಂಟಲಲ್ಲಿ ಇಳಿಯದ ಅನ್ನ ಇಳಿಯಿತು. ದಿಂಬಿಗೆ ತಲೆ ಕೊಟ್ಟರೆ ಬೆಳಗಾಗುತ್ತಿತ್ತು.

ಒಂದು ಮಧ್ಯಾಹ್ನ ಬಟ್ಟೆ ಮಡಿಸುತ್ತಾ ಅಕ್ಕ ಎಲ್ಲ ಹೆಂಗಸರೂ ಕೇಳುವ ಮಾತನ್ನು ಕೇಳಿದರು.

"ಮಕ್ಕಳೆಷ್ಟಮ್ಮ ನಿನಗೆ?"

ವರ್ಷದಿಂದ ನನ್ನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ನಮ್ಮ ಊರಿನಲ್ಲಿ ಎಲ್ಲರಿಗೂ ಗೊತ್ತು. ನಾನು ಅಂಗಡಿಗೆ ಹೋದರೆ ಮಾತು ನಿಲ್ಲಿಸುತ್ತಾರೆ, ಮಕ್ಕಳನ್ನು ಸೆರಗಿನ ಹಿಂದೆ ಎಳೆದುಕೊಳ್ಳುತ್ತಾರೆ. ನಮ್ಮ ಕಡೆಯಿಂದ ಬಂದ ಹೆಂಗಸರಿಗೆ ಈ ಸಲ ದೂರದ ಇನ್ನೊಂದು ಕೋಣೆ ಸಿಕ್ಕಿತ್ತು. ಈ ಕೋಣೆಯಲ್ಲಿ ನಾನು ಬರೀ ಒಬ್ಬ ಸಭಾಪಾಲಕರ ಹೆಂಡತಿ.

ಒಬ್ಬಳು ಮಗಳು ಎಂದೆ. ಬಿಟ್ಟು ಬಂದೆಯಾ ಎಂದರು. ಹೂಂ, ಅಲ್ಲೇ ಇದ್ದಾಳೆ ಎಂದೆ. ಯಾರು ನೋಡಿಕೊಳ್ಳುತ್ತಾರೆ ಎಂದರು. ಚರ್ಚಿನ ಗಂಟೆ ಹೊಡೆಯುವ ಅಜ್ಜನಿಗೆ ಹೇಳಿ ಬಂದಿದ್ದೇನೆ ಎಂದೆ. ಅದೆಲ್ಲ ನಿಜವೇ. ಹೊರಡುವ ದಿನ ಅಜ್ಜನ ಕೈಗೆ ಬಕೆಟ್ಟು ಕೊಟ್ಟು, ಸಂಜೆ ತಪ್ಪದೆ ನೀರು ಹಾಕು ಎಂದು ನಾನೇ ಹೇಳಿ ಬಂದಿದ್ದೆ. ಹೆಸರೇನು ಎಂದು ಕೇಳಿದರು. ನಾವು ಗುಬ್ಬಿ ಅಂತೀವಿ ಎಂದೆ.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಆದರೆ ಅಕ್ಕ, ತುಂಟಿಯಾ ಎಂದು ಕೇಳಿಬಿಟ್ಟರು. ತುಂಟಿಯಾ! ಆ ಪ್ರಶ್ನೆಗೆ ಉತ್ತರ ಕೊಡದೆ ಇರುವುದು ಹೇಗೆ? ಬ್ರೆಡ್ಡಿನ ಅಂಚು ತಿನ್ನುವುದಿಲ್ಲ, ನಡುವಿನ ಮೆತ್ತನೆಯದು ಮಾತ್ರ ತಿನ್ನುತ್ತಾಳೆ ಎಂದೆ. ಬೈಯುತ್ತೇನೆಂದು ಅಂಚುಗಳನ್ನೆಲ್ಲ ಚರ್ಚಿನ ಆರ್ಗನ್ ಪೆಟ್ಟಿಗೆಯೊಳಗೆ ಬಚ್ಚಿಟ್ಟಿದ್ದಳು, ಒಂದು ಭಾನುವಾರ ಹಾಡಿನ ನಡುವೆ ಅದರೊಳಗಿಂದ ಇಲಿ ಹೊರಟು, ಆರ್ಗನ್ ನುಡಿಸುವಾಕೆ ಕಾಲು ಮೇಲೆತ್ತಿಕೊಂಡು ಕೂತಲ್ಲೇ ಕಿರುಚಿದಳು ಎಂದೆ. ಕೋಳಿಗಳನ್ನು ಅಟ್ಟಿಸಿಕೊಂಡು ಬಂದು ಮೂಲೆಗೆ ನಿಲ್ಲಿಸಿ, ಅಪ್ಪನ ಹಾಗೆ ಕೈ ಎತ್ತಿ ಪ್ರಸಂಗ ಮಾಡುತ್ತಾಳೆ, ಕೋಳಿ ಎದ್ದು ಹೋದರೆ ಪಾಪಿ ಕೋಳಿ ಎನ್ನುತ್ತಾಳೆ. ಒಂದು ಸಲ ನಮ್ಮವರ ಪ್ರಸಂಗ ಉದ್ದವಾಯಿತು. ಅವಳು ಬೆಂಚಿನ ಮೇಲೆ ಎದ್ದು ನಿಂತು, ಅಪ್ಪಾ ಆಮೆನ್ ಅನ್ನು, ಹಸಿವಾಗ್ತಿದೆ ಎಂದಳು. ಇಡೀ ಸಭೆ ಆಮೆನ್ ಎಂದಿತು.

ಅಕ್ಕ ನಕ್ಕ ರಭಸಕ್ಕೆ ಮಂಚ ಕಿರುಗುಟ್ಟಿತು. ನಾನೂ ನಕ್ಕೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಹೋದವಳ ಮಾತನ್ನು ಇರುವವಳ ಹಾಗೆ ಆಡುತ್ತಿದ್ದೇನಲ್ಲ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ನಿಲ್ಲಿಸಲಾಗಲಿಲ್ಲ. ಮಾರನೆಯ ದಿನ ಅಕ್ಕನೇ ಕೇಳಿದರು, ಇವತ್ತು ನಿನ್ನ ಮಗಳ ಕಥೆ ಏನೂ ಇಲ್ಲವಾ ಎಂದು. ಅಂದಿನಿಂದ ಅದೂ ನಮ್ಮ ದಿನಚರಿಗೆ ಸೇರಿತು. ಊಟವಾದ ಮೇಲೆ ಗುಬ್ಬಿಯ ಒಂದು ಕಥೆ. ತಲೆ ಬಾಚುವಾಗ ಊರೆಲ್ಲ ಕೇಳುವ ಹಾಗೆ ಅಳುವುದು, ಚಪ್ಪಲಿಯನ್ನು ಯಾವಾಗಲೂ ಅದಲುಬದಲು ಹಾಕುವುದು, ಮಲಗುವಾಗ ನನ್ನ ಕಿವಿ ಹಿಡಿದುಕೊಂಡೇ ಮಲಗುವುದು. ಇಡೀ ವರ್ಷ ಅವಳ ಬಗ್ಗೆ ಯಾರೂ ನನ್ನ ಹತ್ತಿರ ಇಷ್ಟು ಮಾತಾಡಿರಲಿಲ್ಲ. ನಮ್ಮವರಂತೂ ಅವಳ ಹೆಸರೆತ್ತಿದರೆ ಎದ್ದು ಹೋಗುತ್ತಿದ್ದರು.

ಸಂಜೆಯ ಚಹಾದ ಹೊತ್ತು ಗಂಡಹೆಂಡಿರು ಸೇರುವ ಹೊತ್ತು. ನೀರಿನ ಟ್ಯಾಂಕಿನ ಕೆಳಗಿನ ಮೆಟ್ಟಿಲು ನಮ್ಮದು ಎಂದು ಹೇಗೋ ಗೊತ್ತಾಗಿಹೋಗಿತ್ತು. ಒಂದು ಸಂಜೆ ನಾನೂ ಅಕ್ಕನೂ ಮೊದಲೇ ಬಂದು ಕೂತು ನಗುತ್ತಿದ್ದೆವು. ತಲೆ ಎತ್ತಿದರೆ ನಮ್ಮವರು ಸ್ವಲ್ಪ ದೂರದಲ್ಲಿ ಎರಡು ಲೋಟ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕೈಗೆ ಕೊಟ್ಟಾಗ ಚಹಾ ತಣ್ಣಗಾಗಿತ್ತು. ಅಕ್ಕ ಅವರಿಗೆ ಜಾಗ ಬಿಟ್ಟು ಎದ್ದು ಹೋದರು.

ನೀನು ನಗುತ್ತಿದ್ದೆ ಎಂದರು. ನಗಬಾರದಾ ಎಂದು ನಾನು ಕೊಂಕು ನುಡಿದೆ. ನಗಬೇಕು, ನಗಬೇಕು ಎಂದರು. ಆಮೇಲೆ ನಿದ್ದೆ ಬರುತ್ತಿದೆಯಾ ಎಂದು ಕೇಳಿದರು. ಗುಂಡುಕಲ್ಲಿನ ಹಾಗೆ ಬಿದ್ದುಕೊಳ್ಳುತ್ತೇನೆ ಎಂದೆ. ಊಟ ಸೇರುತ್ತಿದೆಯಾ ಎಂದರು. ಎರಡು ಸಲ ಬಡಿಸಿಕೊಳ್ಳುತ್ತೇನೆ, ಬಡಿಸುವವರನ್ನು ಬೇಕಾದರೆ ಕೇಳಿ ಎಂದೆ. ಅವರು ಲೋಟ ಕೆಳಗಿಟ್ಟು ಮತ್ತೆ ಕೇಳಿದರು.

"ಮನೆ ನೆನಪಾಗುತ್ತಾ?"

"ಇಲ್ಲ. ಇಲ್ಲಿ ಚೆನ್ನಾಗಿದೆ."

ಹಾಗೆಂದೆ. ಏಕೆಂದೆ? ಅವರ ಕಣ್ಣ ಕೆಳಗೆ ಕಪ್ಪಾಗಿತ್ತು, ನನ್ನ ಚಿಂತೆ ಒಂದಾದರೂ ಅವರಿಗೆ ಕಡಿಮೆಯಾಗಲಿ ಎಂದು ಅಂದೆ. ಮನೆ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ, ಅಲ್ಲಿಗೇ ತಿರುಗಿ ಹೋಗುತ್ತೇವಲ್ಲ ಎಂಬ ಧೈರ್ಯದ ಮೇಲೆ ಅಂದೆ. ಅವರು ಹೂಂ ಎಂದರು, ಲೋಟಗಳನ್ನು ತೆಗೆದುಕೊಂಡು ಹೋದರು.

ಅದಾದ ಮಾರನೆಯ ದಿನವೋ ಅದರ ಮಾರನೆಯ ದಿನವೋ, ತಿದ್ದುಪಡಿ ಅಯ್ಯನವರು ಎದ್ದು ನಿಂತಾಗ ನಾನು ಬಟ್ಟೆ ಎತ್ತಲು ಹೊರಗೆ ಬಂದೆ. ಬಿಷಪ್ಪರು ಇಳಿದುಕೊಂಡಿದ್ದ ಕೋಣೆಯಿಂದ ನಮ್ಮವರು ಬರುತ್ತಿದ್ದರು. ನನ್ನನ್ನು ನೋಡಲಿಲ್ಲ. ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತಾ ಸಭಾಂಗಣದ ಕಡೆ ನಡೆದರು. ಪಾಪ, ಮಾತು ಬದಲಾಗದಿರಲಿ ಎಂದು ಇನ್ನೊಂದು ಸಲ ನೆನಪು ಮಾಡಿ ಬಂದಿದ್ದಾರೆ ಎಂದು ಮರುಗಿದೆ. ಯಾರ ಮುಂದೆಯೂ ಕೈ ಚಾಚುವವರಲ್ಲ ಅವರು. ನನಗೋಸ್ಕರ ಎರಡನೆಯ ಸಲ ಚಾಚಿದ್ದಾರೆ ಎಂದುಕೊಂಡೆ. ಹಿತ್ತಲ ಬಾಗಿಲಿನ ಸಿಟ್ಟು ಅವತ್ತು ಇಳಿಯಿತು. ಆ ಸಂಜೆ ಮೆಟ್ಟಿಲ ಮೇಲೆ ಅವರ ಪಕ್ಕಕ್ಕೆ ಒತ್ತಿ ಕೂತೆ. ಕಾಲರು ಮಡಚಿಕೊಂಡಿತ್ತು, ಸರಿ ಮಾಡಿದೆ. ಅವರು ಏನೋ ಹೇಳಲು ಬಾಯಿ ತೆರೆದರು, ಅಷ್ಟರಲ್ಲಿ ಗಂಟೆ ಹೊಡೆಯಿತು. ಎದ್ದು ಹೋದೆವು.

ಕೊನೆಯ ದಿನ ಬಂತು. ಅವತ್ತು ಮಾತ್ರ ಸಂಸಾರಗಳು ಒಟ್ಟಿಗೆ ಕೂರುತ್ತವೆ. ಬೆಳಿಗ್ಗೆಯಿಂದ ಯಾರಿಗೂ ತಿಂಡಿ ಸೇರಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಗಂಟುಮೂಟೆ ಅಕ್ಕನೂ ಅವರ ಯಜಮಾನರೂ ನಮ್ಮ ಮುಂದಿನ ಸಾಲಿನಲ್ಲಿದ್ದರು. ಅಕ್ಕ ಹಿಂದೆ ತಿರುಗಿ, ಎಷ್ಟು ಸಲ ಕೇಳಿದರೂ ಈ ಹೊತ್ತಿಗೆ ಹೆದರಿಕೆ ಆಗುತ್ತೆ ಕಣೆ ಎಂದರು. ನಾನು ಅವರ ಬೆನ್ನು ನೀವಿದೆ.

ಓದುವ ಕ್ರಮ ಹೀಗೆ. ಮೊದಲು ಊರಿನ ಹೆಸರು, ಆಮೇಲೆ ಸಭಾಪಾಲಕರ ಹೆಸರು. ಹೆಸರು ಬಂದ ಕೂಡಲೇ ಗಂಡ ಹೆಂಡತಿ ಇಬ್ಬರೂ ಏಳಬೇಕು. ಹೊಸ ಊರಾದರೆ ಇಬ್ಬರೂ ಹೋಗುತ್ತೇವೆ ಎನ್ನಬೇಕು, ಇರುವ ಊರೇ ಆದರೆ ಇರುತ್ತೇವೆ ಎನ್ನಬೇಕು. ಒಬ್ಬರೇ ಹೇಳಿದರೆ ನಡೆಯುವುದಿಲ್ಲ. ನಾನು ಹಿಂದಿನ ದಿನದಿಂದ ಮನಸ್ಸಿನಲ್ಲೇ ಇರುತ್ತೇವೆ, ಇರುತ್ತೇವೆ ಎಂದು ಹೇಳಿಕೊಳ್ಳುತ್ತಿದ್ದೆ. ಧ್ವನಿ ನಡುಗಬಾರದು ಎಂದು.

ಬಿಷಪ್ಪರು ಕನ್ನಡಕ ಏರಿಸಿ ಓದತೊಡಗಿದರು. ಯಾರೋ ಎದ್ದರು, ಯಾರೋ ಕೂತರು. ಒಬ್ಬಾಕೆ ಹೋಗುತ್ತೇವೆ ಎಂದು ಸೆರಗು ಬಾಯಿಗೊತ್ತಿಕೊಂಡಳು. ನಮ್ಮ ಊರಿನ ಹೆಸರು ಬಂತು. ನಾನು ಅರ್ಧ ಎದ್ದೆ. ನಮ್ಮವರು ನನ್ನ ಕೈ ಹಿಡಿದು ಕೆಳಗೆ ಎಳೆದರು.

ಬಿಷಪ್ಪರು ಓದಿದ್ದು ಬೇರೆ ಹೆಸರು. ಮುಂದಿನ ಸಾಲಿನಲ್ಲಿ ಗಂಟುಮೂಟೆ ಅಕ್ಕ ಎದ್ದು ನಿಂತರು. ಹೋಗುತ್ತೇವೆ ಎಂದರು, ಇಬ್ಬರೂ, ಗಟ್ಟಿಯಾಗಿ. ಕೂರುವಾಗ ಅಕ್ಕ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಏನಿತ್ತೋ ನನಗೆ ಕಾಣಲಿಲ್ಲ.

ಏನೋ ತಪ್ಪಾಗಿದೆ, ಹೇಳಿ, ಎದ್ದು ಹೇಳಿ ಎಂದು ನಮ್ಮವರ ಕೈ ಅಲುಗಿಸಿದೆ. ಅವರು ಮುಂದೆ ನೋಡುತ್ತಾ ಕೂತಿದ್ದರು. ಆ ಕೂತ ರೀತಿ ನೋಡಿ ನನಗೆ ಗೊತ್ತಾಯಿತು. ಅವರಿಗೆ ಮೊದಲೇ ತಿಳಿದಿತ್ತು.

ಇನ್ನೂ ಎಷ್ಟೋ ಊರುಗಳಾದ ಮೇಲೆ ನಮ್ಮ ಹೆಸರು ಬಂತು. ನಾನು ಕೇಳಿಯೇ ಇರದ ಊರು. ನಮ್ಮವರು ಎದ್ದರು. ನಾನೂ ಎದ್ದೆ. ಹೋಗುತ್ತೇವೆ ಎಂದು ಅವರ ಒಂದೇ ಧ್ವನಿ ಕೇಳಿಸಿತು. ಬಿಷಪ್ಪರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕಾದರು. ಇಡೀ ಸಭಾಂಗಣ ಕಾಯಿತು, ಫ್ಯಾನಿನ ಸದ್ದು ಮಾತ್ರ. ಹೋಗುತ್ತೇವೆ ಎಂದೆ. ಬಿಷಪ್ಪರು ಮುಂದಿನ ಊರು ಓದಿದರು.

ಮುಗಿದ ಮೇಲೆ ಜನ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಒಳ್ಳೆಯ ಊರು ಸಿಕ್ಕಿದೆ, ದೊಡ್ಡ ಮನೆ, ಬಾವಿಯಿದೆ ಎಂದು ಯಾರೋ ನನ್ನ ಭುಜ ತಟ್ಟಿದರು. ನಾನು ನಮ್ಮವರನ್ನು ತೋಳು ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಟ್ಯಾಂಕಿನ ಕೆಳಗೆ ನಿಲ್ಲಿಸಿ ಏನು ಮಾಡಿದಿರಿ ಎಂದು ಕೇಳಿದೆ.

ಅವರು ಮುಚ್ಚಿಡಲಿಲ್ಲ. ನಿನ್ನನ್ನು ಆ ಸಂಜೆ ನೋಡಿದ ಮೇಲೆ ಬಿಷಪ್ಪರ ಹತ್ತಿರ ಹೋದೆ ಎಂದರು. ಮೊದಲು ಕೇಳಿದ್ದು ಬೇಡ, ದೂರದ ಊರು ಯಾವುದಾದರೂ ಕೊಡಿ ಎಂದು ಕೇಳಿಕೊಂಡರಂತೆ. ಆಗುತ್ತದೋ ಇಲ್ಲವೋ ಗೊತ್ತಿರಲಿಲ್ಲ, ಅದಕ್ಕೇ ನಿನಗೆ ಹೇಳಲಿಲ್ಲ ಎಂದರು. ಆಮೇಲೆ ತಾವೇ ತಿದ್ದಿಕೊಂಡು, ಇಲ್ಲ, ಹೇಳಿದರೆ ನೀನು ಬೇಡ ಅಂತಿದ್ದೆ, ಅದಕ್ಕೆ ಹೇಳಲಿಲ್ಲ ಎಂದರು.

"ಬೇಡ ಅಂತೀನಿ ಅಂತ ಗೊತ್ತಿತ್ತಲ್ಲ ನಿಮಗೆ."

"ಒಂದು ವರ್ಷದಿಂದ ನೀನು ಊಟ ಮಾಡಿರಲಿಲ್ಲ. ನಿದ್ದೆ ಮಾಡಿರಲಿಲ್ಲ. ಇಲ್ಲಿಗೆ ಬಂದು ಎಲ್ಲ ಮಾಡಿದೆ. ನಕ್ಕೆ. ಆ ಕಿಟಕಿ ಇಲ್ಲದ ಕಡೆ ಇದ್ರೆ ನೀನು ಬದುಕ್ತೀಯ ಅನ್ನಿಸ್ತು ನನಗೆ. ನೀನೇ ಹೇಳಿದೆ, ಮನೆ ನೆನಪಾಗಲ್ಲ ಅಂತ."

"ಅಲ್ಲೇ ಇರ್ತೀವಿ ಅಂತ ನೀವು ಹೇಳಿದ್ರಲ್ಲ ರೀ. ಅದಕ್ಕೇ ಅಲ್ವಾ ನಾನು ಉಂಡಿದ್ದು. ಅದಕ್ಕೇ ನಿದ್ದೆ ಬಂದಿದ್ದು. ಯಾರ ವಿಷಯ ಹೇಳಿಕೊಂಡು ನಗ್ತಿದ್ದೆ ಅಂತ ಒಂದು ಮಾತು ಕೇಳಬಾರದಿತ್ತಾ?"

ಅವರಿಗೆ ಅರ್ಥವಾಗಲಿಲ್ಲ. ಹೇಳಿದೆ. ಬ್ರೆಡ್ಡಿನ ಅಂಚು, ಕೋಳಿ, ಆಮೆನ್. ಅವರು ಮೆಟ್ಟಿಲ ಮೇಲೆ ಕುಸಿದು ಕೂತರು. ಎರಡು ಕೈಗಳಿಂದ ಮುಖ ಮುಚ್ಚಿಕೊಂಡರು. ಮಣ್ಣು ಮಾಡಿದ ದಿನ ಅಳದ ಮನುಷ್ಯ, ಅಷ್ಟು ಜನ ಓಡಾಡುವ ಕಡೆ ಮಕ್ಕಳ ಹಾಗೆ ಅತ್ತರು. ನನಗೋಸ್ಕರ ಕೇಳಿದಿರೋ ನಿಮಗೋಸ್ಕರ ಕೇಳಿದಿರೋ ನಿಜ ಹೇಳಿ ಎಂದೆ. ನನಗೆ ಗೊತ್ತಿಲ್ಲ ಎಂದರು. ಹೋಗಿ ಬಿಷಪ್ಪರನ್ನು ಮತ್ತೆ ಕೇಳುತ್ತೇನೆ ಎಂದು ಎದ್ದರು. ಬೇಡ ಬಿಡಿ ಎಂದೆ. ಓದಿದ್ದನ್ನು ಯಾರೂ ಹಿಂದಕ್ಕೆ ಓದಿದ್ದಿಲ್ಲ, ಅದು ಅವರಿಗೂ ಗೊತ್ತು.

ಕೋಣೆಗೆ ಬಂದು ಸಾಮಾನು ಚೀಲಕ್ಕೆ ತುಂಬುತ್ತಿದ್ದೆ. ಊರು ಓದಿದ ಮೇಲೆ ಹೆಂಗಸರದ್ದು ಒಂದು ಕೆಲಸವಿರುತ್ತದೆ. ಹೋಗುವ ಮನೆಯಲ್ಲಿ ಈಗ ಇರುವವಳನ್ನು ಹುಡುಕಿ, ಮನೆಯ ವಿಚಾರ ಕೇಳಿಕೊಳ್ಳುವುದು. ನಾನು ಯಾರನ್ನೂ ಹುಡುಕಲಿಲ್ಲ. ಗಂಟುಮೂಟೆ ಅಕ್ಕ ಬಂದು ನನ್ನ ಮಂಚದ ಮೇಲೆ ಕೂತರು. ನಿನ್ನ ಮನೆಗೆ ನಾನು ಬರ್ತಿದ್ದೀನಲ್ಲೇ, ನಿನಗೆ ಬೇಜಾರಿಲ್ಲ ತಾನೇ ಎಂದರು. ಇಲ್ಲ ಎಂದೆ. ಮಾಡು ಸೋರುತ್ತದಾ ಎಂದು ಕೇಳಿದರು. ಮುಂದಿನ ಕೋಣೆಯ ಮೂಲೆಯಲ್ಲಿ ಮಾತ್ರ, ಕೆಳಗೆ ಒಂದು ಪಾತ್ರೆ ಇಟ್ಟರೆ ಸಾಕು ಎಂದೆ. ಒಲೆಯ ಹೊಗೆ ಯಾವ ಕಡೆ ಹೋಗುತ್ತದೆ, ನೀರು ಎಷ್ಟು ಹೊತ್ತಿಗೆ ಬರುತ್ತದೆ, ಹಿತ್ತಲ ಬಾಗಿಲನ್ನು ಸ್ವಲ್ಪ ಮೇಲೆತ್ತಿ ಎಳೆದರೇ ಚಿಲಕ ಬೀಳುತ್ತದೆ, ಎಲ್ಲ ಹೇಳಿದೆ.

"ಮಗಳು ಏನಂತಾಳೋ ಪಾಪ. ಶಾಲೆ, ಗೆಳತಿಯರು, ಎಲ್ಲ ಬಿಟ್ಟು ಬರಬೇಕಲ್ಲ."

"ಅವಳು ಬರಲ್ಲ ಅಕ್ಕ."

"ಮತ್ತೆ?"

"ತೀರಿಕೊಂಡು ವರ್ಷ ಆಯ್ತು. ಹಿತ್ತಲ ಗೋಡೆ ಆಚೆ ಮೊದಲನೇ ಸಾಲಲ್ಲಿ ಇದ್ದಾಳೆ. ನಾನು ನಿಮಗೆ ಹೇಳಲಿಲ್ಲ."

ಅಕ್ಕನ ಕೈಯಲ್ಲಿ ನನ್ನ ಸೀರೆಯಿತ್ತು, ಮಡಿಸಲು ಎತ್ತಿಕೊಂಡಿದ್ದರು. ಅದನ್ನು ಹಾಗೇ ಹಿಡಿದುಕೊಂಡು ಕೂತರು. ಸುಳ್ಳಿಗೆ ಸಿಟ್ಟಾಗುತ್ತಾರೆ ಎಂದುಕೊಂಡೆ. ಇಲ್ಲದಿದ್ದರೆ ಪ್ರಾರ್ಥನೆ ಶುರುಮಾಡುತ್ತಾರೆ, ನಮ್ಮ ಜನಕ್ಕೆ ಬೇರೇನೂ ತೋಚದಿದ್ದಾಗ ಅದೇ ತೋಚುವುದು. ಅಕ್ಕ ಎರಡನ್ನೂ ಮಾಡಲಿಲ್ಲ. ದಿನಾ ಹೋಗುತ್ತಿದ್ದೆಯಾ ಎಂದು ಕೇಳಿದರು. ಹೂಂ ಎಂದೆ.

"ಹೋಗಿ ಏನೇನು ಮಾಡ್ತಿದ್ದೆ ಎಲ್ಲ ಹೇಳು. ನಾನು ಮಾಡ್ತೀನಿ."

ಹೇಳಿದೆ. ಬಿಸಿಲು ಇಳಿದ ಮೇಲೆ ಹೋಗಬೇಕು, ಅದಕ್ಕೆ ಮೊದಲು ಕಲ್ಲು ಸುಡುತ್ತಿರುತ್ತದೆ. ಒಂದು ಬಕೆಟ್ಟು ನೀರು, ಅರ್ಧ ಅಲ್ಲಿ ನಾನು ನೆಟ್ಟ ಗಿಡಕ್ಕೆ, ಅರ್ಧ ಕಲ್ಲು ತೊಳೆಯಲು. ಎಲೆ ಬಿದ್ದಿದ್ದರೆ ಕೈಯಲ್ಲೇ ಆರಿಸಬೇಕು, ಪೊರಕೆ ಬೇಡ. ಬಲಗಡೆ ಕೂರಲು ಜಾಗವಿದೆ. ಮನೆಯಲ್ಲಿ ಏನು ಅಡುಗೆ, ಅಪ್ಪ ಎಲ್ಲಿಗೆ ಹೋಗಿದ್ದಾರೆ, ಕೋಳಿ ಎಷ್ಟು ಮೊಟ್ಟೆ ಇಟ್ಟಿತು, ಅಂಥದ್ದೇ ಮಾತು. ಹೆಚ್ಚು ಹೊತ್ತು ಬೇಡ. ಏಳುವಾಗ, ನಾಳೆ ಬರ್ತೀನಿ ಎಂದು ಹೇಳಿ ಏಳಬೇಕು. ನಾನು ಒಂದು ದಿನವೂ ಹಾಗೆ ಹೇಳದೆ ಎದ್ದು ಬಂದದ್ದಿಲ್ಲ.

ಅಕ್ಕ ಎಲ್ಲಕ್ಕೂ ತಲೆಯಾಡಿಸಿದರು. ಸೀರೆಯನ್ನು ಮಡಿಸಿ ಚೀಲದಲ್ಲಿಟ್ಟರು.

ಸಾಮಾನು ಕಟ್ಟಲು ಇನ್ನೊಂದು ಸಲ ನಾವು ಮನೆಗೆ ಹೋಗಬೇಕು. ಒಂದೆರಡು ವಾರ ಇರುತ್ತೇವೆ, ಆಮೇಲೆ ಹೊರಡುವುದು. ಹೊರಡುವ ದಿನದ ಸಂಜೆ ಅವಳಿಗೆ ಏನು ಹೇಳಿ ಏಳಲಿ ಅಕ್ಕ ಎಂದು ಕೇಳಿದೆ. ಅಷ್ಟೊಂದು ಊರು ಬಿಟ್ಟು ಬಂದವರು, ಅವರಿಗೆ ಗೊತ್ತಿರಬಹುದು ಎಂದುಕೊಂಡಿದ್ದೆ. ಗಂಟುಮೂಟೆ ಅಕ್ಕನಿಗೂ ಗೊತ್ತಿರಲಿಲ್ಲ.